ಬ್ರೆಜಿಲಿನ ಹೊಂಗೇಸರಿ

ದೇಶಗಳಿಗೆ ಹೆಸರು ಬರುವ ಬಗೆ ಹಲವು. ಕೆಲವಕ್ಕೆ ಆಳಿದ ಅರಸುಮನೆತನದಿಂದ, ಕೆಲವಕ್ಕೆ ಹರಿಯುವ ನದಿಯಿಂದ, ಕೆಲವಕ್ಕೆ ನೆಲಸಿದ ಜನದಿಂದ ಹೆಸರು ಬಂದಿರುವುದುಂಟು. ದಕ್ಷಿಣ ಅಮೆರಿಕದ ವಿಶಾಲ ರಾಷ್ಟ್ರವಾದ ಬ್ರೆಜಿಲಿಗಾದರೋ ಕಡಿದು ಮಾರಿದ ಒಂದು ಮರದಿಂದ ಹೆಸರು ಬಂದಿತು. ಕೆಂಪು ಬಣ್ಣವನ್ನು ತೆಗೆಯುವುದಕ್ಕಾಗಿ ಭರತಖಂಡದಿಂದಲೂ ಅದರಾಚೆಯ ದ್ವೀಪಗಳಿಂದಲೂ ಯೂರೋಪಿಗೆ ಹೋಗುತ್ತಿದ್ದ ಪತಂಗದ ಮರವನ್ನು ಅಲ್ಲಿಯ ವರ್ತಕರು ಬಹುಕಾಲದಿಂದ ‘ಬ್ರೆಸಿಲ್’ ಎಂದು ಕರೆಯುತ್ತಿದ್ದರು. 1500ನೆಯ ಇಸವಿಯ ಏಪ್ರಿಲ್ 22ರಂದು ಪೋರ್ಚುಗೀಜ್ ನಾವಿಕನಾದ ಕಬ್ರಾಲನು ಪಶ್ಚಿಮದಲ್ಲಿ ಒಂದು ಹೊಸ ತೀರವನ್ನು ಕಂಡನು. ಅಲ್ಲಿಂದ ಮುಂದೆ ಸಾಗಿ, ಅದೇ ವರ್ಷ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ, ಕಲ್ಲೀಕೋಟೆಗೆ ಬಂದನು. ಅವನು ಕಂಡ ತೀರದ ಕಾಡಿನಲ್ಲಿ ಪತಂಗದಂತೆಯೇ ಕೆಂಬಣ್ಣವನ್ನು ಕೊಡುವ ಮರ ಯಥೇಚ್ಛವಾಗಿ ದೊರೆಯಿತು. ಮೊದಲು ಪವಿತ್ರ ಶಿಲುಬೆಯ ಹೆಸರನ್ನು ಹೊತ್ತಿದ್ದ ಆ ನಾಡಿಗೆ ಕ್ರಮೇಣ ಮರದ ಹೆಸರೇ ನಿಂತಿತು.

ಆ ಕಾಡಿನಿಂದ ಹಡಗನ್ನೇರಿ ಹೋದುದು ಮರವೊಂದೇ ಅಲ್ಲ. ರಿಯೊ ಡಿ ಜನೈರೊ ಪ್ರಾಂತದ ಕಡಲತಡಿಯ ತಗ್ಗುಗಾಡುಗಳಲ್ಲಿ ಒಂದು ಪುಟ್ಟ ಕಪಿ ವಾಸವಾಗಿತ್ತು. ಅದರ ತೂಕ ಅರ್ಧ ಸೇರಿಗಿಂತ ತುಸು ಹೆಚ್ಚು, ಸುಮಾರು 600 ಗ್ರಾಂ. ಬಾಲವು ಮೈಗಿಂತಲೂ ಉದ್ದ. ಅಡಿಯಿಂದ ಮುಡಿಯವರೆಗೆ ರೇಷ್ಮೆಯಂತೆ ನಯವಾದ ಹೊಂಬಣ್ಣದ ಕೂದಲು. ಮುಖದ ಸುತ್ತಲೂ ಸಿಂಹದ ಕೇಸರದಂತೆ ಹರಡಿದ ಜೂಲು. ಸಹ್ಯಾದ್ರಿಯ ಸಿಂಗಳೀಕವನ್ನು ಬಲ್ಲ ಕನ್ನಡಿಗರಿಗೆ ಜೂಲುಳ್ಳ ಕಪಿಯ ಮುಖ ಹೊಸತೇನೂ ಅಲ್ಲ. ಆದರೆ ಇದು ಅಂಗೈಯಗಲದ ಕೊಂಬೆಯ ಮೇಲೆ ಕುಳಿತುಕೊಳ್ಳಬಲ್ಲ ಅಳಿಲಿನ ಗಾತ್ರದ ಪ್ರಾಣಿ. ಬ್ರೆಜಿಲಿನ ಜನರು ಇದನ್ನು ‘ಮಿಕೊ ಲಿಯಾಂವ್ ದೊರಾದೊ’ ಎನ್ನುವರು. ಅದರ ಅರ್ಥಕ್ಕೆ ಹೊಂದುವಂತೆ ಕನ್ನಡದಲ್ಲಿ ಹೊಂಗೇಸರಿಯೆಂದು ಕರೆಯಬಹುದು. ಮೆಗೆಲ್ಲನನ ಸಂಗಡ ಭೂಪ್ರದಕ್ಷಿಣೆಗೆ ಹೊರಟು, 1519ರಲ್ಲಿ ಆ ತೀರವನ್ನು ಮುಟ್ಟಿದ ಇಟಲಿಯ ಪಿಗಾಫೆಟ್ಟನು ಸಿಂಹವನ್ನು ಹೋಲುವ ಚಿಕ್ಕ ಕಪಿಗಳ ವಿಷಯವನ್ನು ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. 1766ರಲ್ಲಿ ಲಿನ್ನೇಯಸನು ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಅಷ್ಟು ಹೊತ್ತಿಗೆ ಯೂರೋಪಿನ ಶ್ರೀಮಂತರ ಮನೆಗಳಲ್ಲಿ ಇದು ಅಲಂಕಾರದ ವಸ್ತುವಾಗಿ ಪಂಜರದಲ್ಲಿ ಕುಳಿತಿತ್ತು.

ಅದರ ಚೆಲುವೇ ಅದಕ್ಕೆ ಮೊದಲನೆಯ ಶತ್ರುವಾಯಿತು; ಎರಡನೆಯದು ನೆಲದ ಬೆಲೆ. ಕಬ್ಬಿಗಾಗಿ ತೀರದ ಕಾಡು ಸವೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿಯ ಬೆಳೆ ಬಂದು, ಆಫ್ರಿಕದಿಂದ ತಂದ ದಾಸರ ದುಡಿಮೆಯಿಂದ ಬೆಟ್ಟಸಾಲುಗಳು ಬೋಳಾದುವು. ನೆಲದ ಸಾರ ಮುಗಿದಲ್ಲಿ ದನಗಳ ಹುಲ್ಲುಗಾವಲು ಬಂದಿತು. ಕಪಿಯ ನೆಲೆಯು ದೊಡ್ಡ ಪಟ್ಟಣವಾದ ರಿಯೊಗೆ ಹತ್ತಿರದಲ್ಲಿಯೇ ಇದ್ದುದರಿಂದ ರಸ್ತೆಗಳೂ ಬಡಾವಣೆಗಳೂ ಅದನ್ನು ಇನ್ನಷ್ಟು ಕಿರಿದುಗೊಳಿಸಿದುವು. ಅಟ್ಲಾಂಟಿಕ್ ತೀರದುದ್ದಕ್ಕೂ ಹಬ್ಬಿದ್ದ ಆ ಮಹಾರಣ್ಯದಲ್ಲಿ ಬಲಿತ ಕಾಡೆಂದು ಎಣಿಸತಕ್ಕ ಭಾಗವು ಇಂದು ನೂರಕ್ಕೆ ಹನ್ನೆರಡರಷ್ಟು ಮಾತ್ರ ಉಳಿದಿದೆ, ಅದೂ ಚೂರುಚೂರಾಗಿ.

ಈ ಅಳಿವನ್ನು ಮೊದಲು ಕಣ್ಣಾರೆ ಕಂಡು ಎಚ್ಚರಿಸಿದವನು ಬ್ರೆಜಿಲಿನವನೇ ಆದ ಅದೆಲ್ಮಾರ್ ಕೊಯಿಂಬ್ರ ಫಿಲ್ಯೊ ಎಂಬ ಪ್ರಾಣಿಶಾಸ್ತ್ರಜ್ಞ. 1960ರ ದಶಕದಲ್ಲಿ ಅವನು ಕಾಡಿನಿಂದ ಕಾಡಿಗೆ ಅಲೆದು, ಹಿಂದೆ ಕಪಿಗಳಿದ್ದ ಕಡೆಗಳಲ್ಲಿ ಈಗ ಅವು ಇಲ್ಲವೆಂಬುದನ್ನು ದಾಖಲೆಮಾಡಿದನು. 1967ರಲ್ಲಿ ಬ್ರೆಜಿಲ್ ಸರಕಾರವು ವನ್ಯಪ್ರಾಣಿಗಳ ರಕ್ಷಣೆಗಾಗಿ ಶಾಸನವನ್ನು ಮಾಡಿತು. 1970ರ ದಶಕದ ಆರಂಭದಲ್ಲಿ ಕಾಡಿನಲ್ಲಿ ಉಳಿದ ಹೊಂಗೇಸರಿಗಳು ಸುಮಾರು 200 ಮಾತ್ರವೆಂದು ಅಂದಾಜಾಯಿತು. ಪರದೇಶಗಳ ಮೃಗಶಾಲೆಗಳಲ್ಲಿದ್ದವು ನೂರಕ್ಕೂ ಕಡಮೆ. ಅವುಗಳಲ್ಲಿಯೂ ಹುಟ್ಟಿಗಿಂತ ಸಾವು ಹೆಚ್ಚು. 1972ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ವಿದ್ವಾಂಸರ ಸಭೆಯೊಂದು ಈ ಜೀವಿಯನ್ನು ಉಳಿಸುವ ಬಗೆಯನ್ನು ಕುರಿತು ಚರ್ಚಿಸಿತು. 1974ರಲ್ಲಿ ಬ್ರೆಜಿಲ್ ಸರಕಾರವು ಪೊಸು ದಾಸ್ ಅಂತಾಸ್ ಎಂಬಲ್ಲಿ ಸುಮಾರು ಐದು ಸಾವಿರ ಹೆಕ್ಟೇರುಗಳ ಕಾಡನ್ನು ಇದಕ್ಕಾಗಿ ಕಾಯ್ದಿರಿಸಿತು. ಆ ದೇಶದಲ್ಲಿ ಅಂಥ ರಕ್ಷಿತವನವು ಅದೇ ಮೊದಲನೆಯದು.

ಆದರೆ ಕಾಡು ಸಿಕ್ಕಿದ ಮಾತ್ರಕ್ಕೆ ಕಪಿಗಳು ಎಲ್ಲಿಂದ ಬರಬೇಕು? ಪಂಜರದ ಕಪಿಗಳು ಏಕೆ ಬೆಳೆಯಲೊಲ್ಲವು ಎಂಬುದನ್ನು ಮೊದಲು ಅರಿಯಬೇಕಾಗಿತ್ತು. ವಾಷಿಂಗ್ಟನ್ನಿನ ಮೃಗಶಾಲೆಯಲ್ಲಿ ಡೆವ್ರಾ ಕ್ಲೈಮನ್ ಎಂಬ ವಿದುಷಿಯು ಇವುಗಳ ನಡೆವಳಿಕೆಯನ್ನು ಬಹುಕಾಲ ಗಮನಿಸಿದಳು. ಹೊಂಗೇಸರಿಯು ಕುಟುಂಬವಂತ ಪ್ರಾಣಿ. ಒಂದು ಗಂಡು, ಒಂದು ಹೆಣ್ಣು, ಅವುಗಳ ಮಕ್ಕಳು ಒಟ್ಟಾಗಿ ಬಾಳುವುವು. ಸಾಮಾನ್ಯವಾಗಿ ಹುಟ್ಟುವುದು ಅವಳಿಮರಿಗಳು. ತಾಯಿಯು ಹಾಲೂಡಿದ ತರುವಾಯ ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವ ಕೆಲಸವನ್ನು ತಂದೆಯೂ ಅಣ್ಣ ಅಕ್ಕಂದಿರೂ ಹಂಚಿಕೊಳ್ಳುವರು. ಇದನ್ನು ತಿಳಿಯದ ಪಾಲಕರು ಹಲವು ಜೊತೆಗಳನ್ನು ಒಂದೇ ಗೂಡಿನಲ್ಲಿ ಕೂಡಿಹಾಕಿ ಜಗಳಕ್ಕೆಡೆಮಾಡಿದ್ದರು. ಮರಿಗಳನ್ನು ಎಳೆಯ ವಯಸ್ಸಿನಲ್ಲಿಯೇ ಮನೆಯಿಂದ ಅಗಲಿಸಿದ್ದರು. ತಮ್ಮ ತಂಗಿಯರನ್ನು ಹೊತ್ತು ಸಾಕಿ ಅಭ್ಯಾಸವಿಲ್ಲದ ಕಪಿಯು ತಾನು ತಾಯಿಯಾದಾಗ ಮರಿಯನ್ನು ಕೈಬಿಡುತ್ತಿತ್ತು. ಜೊತೆಯನ್ನು ಪ್ರತ್ಯೇಕವಾಗಿಟ್ಟು, ಮಕ್ಕಳನ್ನು ಮನೆಯಲ್ಲಿ ಬೆಳೆಯಗೊಟ್ಟು, ಹಣ್ಣಿನ ಜತೆಗೆ ಪುಷ್ಟಿಯಾದ ಆಹಾರವನ್ನಿತ್ತ ಮೇಲೆ ಸಂತತಿಯು ಏರತೊಡಗಿತು.

1984ರಲ್ಲಿ ಪಂಜರದಲ್ಲಿ ಹುಟ್ಟಿದ ಮೊದಲನೆಯ ತಂಡವನ್ನು ಪೊಸು ದಾಸ್ ಅಂತಾಸಿನ ಕಾಡಿಗೆ ಬಿಟ್ಟರು. ಪೂರ್ವಜರ ಕಾಡು ಈ ಕಪಿಗಳಿಗೆ ಪರದೇಶವಾಗಿತ್ತು. ಗೂಡಿನ ಗಟ್ಟಿಮರದ ಕೋಲುಗಳ ಮೇಲೆ ನಡೆದು ಕಲಿತ ಅವು, ಕಾಲಿಟ್ಟರೆ ಬಾಗುವ ಕೊಂಬೆಗಳಿಗೆ ಹೆದರಿದುವು. ಕಾಡಿನಲ್ಲಿ ಹುಟ್ಟಿದ ಹೊಂಗೇಸರಿಯು ನೀಳವಾದ ಬೆರಳುಗಳನ್ನು ತೊಗಟೆಯ ಸಂದಿನಲ್ಲಿಯೂ ಮರದಮೇಲೆ ಬೆಳೆಯುವ ಅನಾನಸಿನ ಜಾತಿಯ ಗಿಡಗಳ ಎಲೆಬುಡದಲ್ಲಿಯೂ ತೂರಿಸಿ ಹುಳುಗಳನ್ನು ಹೆಕ್ಕುವುದು. ತಟ್ಟೆಯಲ್ಲಿ ಉಂಡು ಬೆಳೆದ ಇವಕ್ಕೆ ಆ ವಿದ್ಯೆ ತಿಳಿಯದು. ಹಲವು ದಾರಿತಪ್ಪಿದುವು, ಹಲವು ಹಸಿದುವು. ಮೊದಲನೆಯ ವರ್ಷದಲ್ಲಿಯೇ ಹೆಚ್ಚಿನವು ಉಳಿಯಲಿಲ್ಲ. ಆದರೂ ಆ ಸಾಹಸವನ್ನು ಕೈಬಿಡಲಿಲ್ಲ. ಮುಂದಿನ ತಂಡಗಳಿಗೆ ಕಾಡಿನಲ್ಲಿಯೇ ಕೆಲಕಾಲ ಊಟವನ್ನಿಟ್ಟು ಕಾವಲಿದ್ದರು. ಬದುಕಿದ ಕೆಲವು ಕಪಿಗಳಿಗೆ ಕಾಡಿನಲ್ಲಿ ಮರಿಗಳಾದುವು. ತಾಯಿತಂದೆಗಳು ಅರಿಯದುದನ್ನು ಆ ಮರಿಗಳು ಕೊಂಬೆಯಮೇಲೆಯೇ ಕಲಿತುವು. 2000ದವರೆಗೆ ಹೀಗೆ 146 ಕಪಿಗಳನ್ನು ಬಿಡಲಾಯಿತು. ಅವುಗಳಲ್ಲಿ ಬಹುಪಾಲು ಅಳಿದರೂ ಇಂದಿನ ಕಾಡುಕಪಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಅವುಗಳ ಸಂತತಿಯೆಂದು ಹೇಳುವರು.

ಇದರಲ್ಲಿ ಇತಿಹಾಸವು ಮರೆಯಬಾರದ ಒಂದು ಸಂಗತಿಯುಂಟು. 1990ರ ದಶಕದ ಆರಂಭದ ಹೊತ್ತಿಗೆ ಪರದೇಶಗಳ ಮೃಗಶಾಲೆಗಳು ತಮ್ಮಲ್ಲಿದ್ದ ಹೊಂಗೇಸರಿಗಳ ಒಡೆತನವನ್ನು ಬ್ರೆಜಿಲಿಗೆ ಬಿಟ್ಟುಕೊಟ್ಟು, ಅವುಗಳನ್ನು ಎರವಿನ ಸೊತ್ತಾಗಿ ಮಾತ್ರ ಇಟ್ಟುಕೊಂಡವು. ಆ ತೀರದಿಂದ ಶತಮಾನಗಳ ಕಾಲ ಸಾಗಿಹೋದ ಮರಕ್ಕೂ ಸಕ್ಕರೆಗೂ ಕಾಫಿಗೂ ಹಿಂದಿರುಗುವ ದಾರಿಯಿರಲಿಲ್ಲ. ಈ ಪುಟ್ಟ ಪ್ರಾಣಿಯೊಂದು ಒಡೆಯನ ಮನೆಗೆ ಹಿಂದಿರುಗಿತು.

ಕಾಡಿನ ಪ್ರಶ್ನೆಯು ಮಾತ್ರ ಹಾಗೆಯೇ ಇತ್ತು. ಹುಲ್ಲುಗಾವಲುಗಳ ನಡುವೆ ದ್ವೀಪದಂತಿದ್ದ ಸಣ್ಣ ತೋಪುಗಳಲ್ಲಿ ಸಿಕ್ಕಿಬಿದ್ದಿದ್ದ ಆರು ಕುಟುಂಬಗಳನ್ನು 1994ರಿಂದ ಮುಂದೆ ಯುನಿಯಾಂವ್ ಎಂಬ ಜಮೀನಿಗೆ ಸಾಗಿಸಿದರು. ಅದು ರೈಲ್ವೆಯವರು ನೀಲಗಿರಿ ಮರಗಳನ್ನು ಬೆಳೆಸುತ್ತಿದ್ದ ಸ್ಥಳ. ಅದರೊಳಗಿನ ಹಳೆಯ ಕಾಡು ಹೇಗೋ ಉಳಿದಿತ್ತು. 1998ರಲ್ಲಿ ಅದೂ ರಕ್ಷಿತವನವಾಯಿತು. 1992ರಲ್ಲಿ ಸ್ಥಾಪಿತವಾದ ಹೊಂಗೇಸರಿಯ ಸಂಘವು ಸುತ್ತಣ ರೈತರನ್ನು ಒಲಿಸಿ, ಅವರ ಹೊಲಗಳ ನಡುವೆ ಸಸಿಗಳನ್ನು ನೆಟ್ಟು, ಕಾಡಿನಿಂದ ಕಾಡಿಗೆ ಹಸುರು ದಾರಿಗಳನ್ನು ಬೆಳೆಸಿತು. ಹೆದ್ದಾರಿಯೊಂದರ ಮೇಲೆ ಮರಗಿಡಗಳಿಗಾಗಿಯೇ ಒಂದು ಸೇತುವೆಯು 2020ರಲ್ಲಿ ಮುಗಿಯಿತು. 2002ರಲ್ಲಿ ಹೊರಟ ಇಪ್ಪತ್ತು ರಿಯಾಲಿನ ನೋಟಿನ ಮೇಲೆ ಈ ಕಪಿಯ ಚಿತ್ರ ಬಂದಿತು. ಒಂದು ಕಾಲಕ್ಕೆ ಹಣಕ್ಕೆ ಮಾರಾಟವಾಗುತ್ತಿದ್ದ ಪ್ರಾಣಿಯು ಹಣದ ಮೇಲೆಯೇ ರಾಷ್ಟ್ರದ ಗುರುತಾಗಿ ಕುಳಿತಿತು. 2014ರಲ್ಲಿ ಎಣಿಸಿದಾಗ ಅವುಗಳ ಸಂಖ್ಯೆ ಸುಮಾರು 3,700ಕ್ಕೆ ಏರಿತ್ತು.

ಅಷ್ಟರಲ್ಲಿ ಇನ್ನೊಂದು ವಿಪತ್ತು ಬಂದಿತು. ದಾಸರನ್ನು ಹೊತ್ತು ತಂದ ಹಡಗುಗಳೊಡನೆ ಹಿಂದೆ ಆಫ್ರಿಕದಿಂದ ಬಂದು ಅಮೆರಿಕದ ಕಾಡುಗಳಲ್ಲಿ ನೆಲೆಯೂರಿದ್ದ ಹಳದಿಜ್ವರವು 2016ರಿಂದ 2018ರವರೆಗೆ ಆ ಭಾಗದಲ್ಲಿ ತಲೆಯೆತ್ತಿತು. ಸುಮಾರು 1,200 ಹೊಂಗೇಸರಿಗಳು ಕಡಮೆಯಾಗಿ, ಮೂವತ್ತು ವರ್ಷಗಳ ಶ್ರಮದಲ್ಲಿ ಮೂರನೆಯ ಒಂದು ಪಾಲು ಕೆಲವೇ ತಿಂಗಳುಗಳಲ್ಲಿ ಹೋಯಿತು. ವಿದ್ವಾಂಸರು ಎದೆಗೆಡಲಿಲ್ಲ. ಮನುಷ್ಯರಿಗಾಗಿ ಮಾಡಿದ ಲಸಿಕೆಯನ್ನೇ ತಕ್ಕ ಪ್ರಮಾಣದಲ್ಲಿ ಕಾಡಿನ ಕಪಿಗಳಿಗೆ ಚುಚ್ಚತೊಡಗಿದರು. 2023ರ ಎಣಿಕೆಯಲ್ಲಿ ಸುಮಾರು 4,800 ಕಪಿಗಳು ದೊರೆತುವು.

ಇಷ್ಟಾದರೂ ಹೊಂಗೇಸರಿಯು ಅಪಾಯದಿಂದ ಪಾರಾಗಿಲ್ಲ; ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಅದರ ಹೆಸರು ಇನ್ನೂ ಇದೆ. ಪಂಜರದಲ್ಲಿ ಅದರ ಸಂತತಿಯನ್ನು ಹೆಚ್ಚಿಸಲು ಹತ್ತು ವರ್ಷಗಳು ಸಾಕಾದುವು. ಅದರ ಮನೆಯನ್ನು ಮತ್ತೆ ಬೆಳೆಸುವ ಕೆಲಸವು ಐವತ್ತು ವರ್ಷಗಳಾದರೂ ಮುಗಿದಿಲ್ಲ. ಒಂದು ಮರವನ್ನು ಕಡಿಯುವುದಕ್ಕೆ ಒಂದು ಗಳಿಗೆ, ಅದು ಪೊಟರೆಬೀಳುವಷ್ಟು ಬಲಿಯುವುದಕ್ಕೆ ಹಲವು ತಲೆಮಾರು. ಆ ಪೊಟರೆಯಲ್ಲಿಯೇ ಹೊಂಗೇಸರಿಯ ಕುಟುಂಬವು ರಾತ್ರಿ ಮಲಗತಕ್ಕದ್ದು. ಸಂಜೆ ಮಬ್ಬಾಗುವ ಮೊದಲು ತಂದೆಯ ಬೆನ್ನೇರಿ ಪೊಟರೆಯನ್ನು ಹೊಗುವ ಆ ಅವಳಿಮರಿಗಳಿಗೆ, ಕಬ್ರಾಲನ ಹಡಗುಗಳು ಬಂದ ಕಾಲದಲ್ಲಿದ್ದ ಕಾಡು ಇನ್ನು ದೊರೆಯದು; ಉಳಿದ ಚೂರುಗಳನ್ನು ಕೂಡಿಸಿಕೊಡುವ ಭಾರವು ಅದನ್ನು ಚೂರುಮಾಡಿದವರ ಮೊಮ್ಮಕ್ಕಳ ಮೇಲಿದೆ.