ಪುಸ್ತಕ ಮಂದಿರದ ಅನುವಾದಕ: ಯಿ ಜೆಹ್ಯೊನ್ ಮತ್ತು ಕೊರಿಯದ ಹಾಡುಗಳು

1314ರಲ್ಲಿ ಕೊರಿಯದ ಗೊರ್ಯೊ ಆಸ್ಥಾನ ದಕ್ಷಿಣ ಚೀನಾದಿಂದ 10,800 ಸಂಪುಟಗಳನ್ನು ಕೊಂಡು ತರಿಸಿತು. ಯುವಾನ್ ಚಕ್ರವರ್ತಿ ಹಳೆಯ ಸೋಂಗ್ ಅರಸರ ಭಂಡಾರದ 4,371 ಪುಸ್ತಕಗಳನ್ನು ಉಡುಗೊರೆಯಾಗಿ ಕಳಿಸಿಕೊಟ್ಟ. ಅದೇ ವರ್ಷ, ಮಗನಿಗೆ ಪಟ್ಟ ಬಿಟ್ಟುಕೊಟ್ಟು ದಾದುವಿನಲ್ಲಿ (ಇಂದಿನ ಬೀಜಿಂಗ್) ನೆಲೆಸಿದ್ದ ದೊರೆ ಚುಂಗ್‌ಸೊನ್ ಅಲ್ಲಿ ಮಾನ್‌ಗ್ವೊನ್‌ದಾಂಗ್ ಎಂಬ ಗ್ರಂಥಾಲಯ ತೆರೆದ. ಹತ್ತು ಸಾವಿರ ಸಂಪುಟಗಳ ಮಂದಿರ ಎಂದು ಆ ಹೆಸರಿನ ಅರ್ಥ. ಕುಬ್ಲೈ ಖಾನನ ಮಗಳ ಮಗನಾದ ಈತನಿಗೆ ಚೀನೀ ವಿದ್ವಾಂಸರನ್ನು ಕಲೆಹಾಕುವುದು ಕಷ್ಟವಾಗಲಿಲ್ಲ. ಅವರಿಗೆ ಸಮನಾಗಿ ಕೂತು ಮಾತಾಡಬಲ್ಲ ಕೊರಿಯನ್ನನೊಬ್ಬ ಬೇಕಿತ್ತು. ಹಾಗೆ ಕರೆಸಿಕೊಂಡವನು ಯಿ ಜೆಹ್ಯೊನ್ (1287–1367).

ಇಂದಿನ ಅರ್ಥದಲ್ಲಿ ಅವನನ್ನು ಗ್ರಂಥಪಾಲಕ ಎನ್ನಲಾಗದು. ಆದರೂ ಅವನ ವೃತ್ತಿಜೀವನ ಕಾಗದಪತ್ರಗಳ ನಡುವೆಯೇ ಕುದುರಿತು. 1301ರಲ್ಲಿ ರಾಜಪರೀಕ್ಷೆ ಪಾಸಾದ. 1308ರಲ್ಲಿ ರಾಜಶಾಸನ ಮತ್ತು ಚರಿತ್ರೆಯ ದಾಖಲೆಗಳ ಕಚೇರಿ ಸೇರಿದ. ದಾದುವಿನಲ್ಲಿ ಝಾವ್ ಮೆಂಗ್‌ಫುವಿನಂಥ ಕವಿ-ಲಿಪಿಕಾರರ ಒಡನಾಟ ಸಿಕ್ಕಿತು. ಮುಂದೆ ಮುಖ್ಯಮಂತ್ರಿಯ ಪದವಿಗೂ ಏರಿದ. ಇತಿಹಾಸಕಾರರು ಸಾಮಾನ್ಯವಾಗಿ ಅವನ ರಾಜಕಾರಣದ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನ ಹನ್ನೊಂದು ಚೌಪದಿಗಳು.

‘ಸೊಅಕ್‌ಬು’ ಎಂಬ ಈ ಗುಚ್ಛದಲ್ಲಿ ಜನರ ಬಾಯಲ್ಲಿದ್ದ ಕೊರಿಯನ್ ಹಾಡುಗಳನ್ನು ಅವನು ಏಳಕ್ಷರದ ಸಾಲುಗಳ ಚೀನೀ ಪದ್ಯಗಳಾಗಿ ತಂದ. ಇದು ಮೊದಲ ಯತ್ನವೇನಲ್ಲ. 967ರಲ್ಲಿಯೇ ಚ್ವೆ ಹೆಂಗ್-ಗ್ವಿ ಎಂಬ ವಿದ್ವಾಂಸ ಬೌದ್ಧ ಭಿಕ್ಷು ಗ್ಯುನ್‌ಯೊನ ಹನ್ನೊಂದು ಗೀತೆಗಳನ್ನು ಚೀನೀ ಭಾಷೆಗೆ ತಂದಿದ್ದ. ನಾವು ಚೀನೀಯರ ಕಾವ್ಯ ಓದುತ್ತೇವೆ, ಅವರಿಗೆ ನಮ್ಮದು ಓದಲಾಗದು ಎಂಬುದು ಚ್ವೆಯ ಕೊರಗು. ಚೀನೀ ಅಕ್ಷರಗಳಲ್ಲೇ ಕೊರಿಯನ್ ಬರೆಯುವ ಅಂದಿನ ಪದ್ಧತಿಯನ್ನು ಸಾಲುಹಿಡಿದು ಪೋಣಿಸಿದ ಸಂಸ್ಕೃತ ಬರಹಕ್ಕೆ ಅವನು ಹೋಲಿಸಿದ್ದು ನಮಗೆ ಕುತೂಹಲದ ಸಂಗತಿ. ಆದರೆ ಅವನು ಆರಿಸಿದ್ದು ಭಕ್ತಿಗೀತೆಗಳನ್ನು. ಯಿ ಜೆಹ್ಯೊನ್ ಕೈಹಾಕಿದ್ದು ತೆರಿಗೆಯಿಂದ ನೊಂದ ರೈತರ, ಹೆಂಗಸರ, ದ್ವೀಪವಾಸಿಗಳ ಹಾಡುಗಳಿಗೆ.

ಜೆವಿಬೊ ಎಂಬ ಹಾಡನ್ನೇ ನೋಡಿ. ಜೆವಿಬೊ ಬಡವರಿಗೂ ರೋಗಿಗಳಿಗೂ ನೆರವಾಗಲು ತೆರೆದ ಸಂಸ್ಥೆ. ಅಪರಾಧಕ್ಕೆ ಶಿಕ್ಷೆಯಾಗಿ ಅಲ್ಲಿ ಬಿಟ್ಟಿ ದುಡಿಯುತ್ತಿದ್ದ ಹೆಂಗಸೊಬ್ಬಳ ಕೈಯನ್ನು ಯಾರೋ ಹಿಡಿದ. ಆ ಅವಮಾನ ತೊಳೆದುಕೊಳ್ಳಲಾಗದೆ ಅವಳು ಹಾಡಿಕೊಂಡಳು ಎನ್ನುತ್ತದೆ 1451ರ ‘ಗೊರ್ಯೊಸಾ’ ಚರಿತ್ರೆ. ಯಿ ಜೆಹ್ಯೊನ್‌ನ ಪದ್ಯದಲ್ಲಿ ಬಟ್ಟೆ ಒಗೆಯುವ ಹೊಳೆಯ ದಂಡೆಯಿದೆ, ಬಿಳಿ ಕುದುರೆಯ ತರುಣನಿದ್ದಾನೆ. ತಿಂಗಳುಗಟ್ಟಲೆ ಸೂರುನೀರು ಸುರಿದರೂ ಬೆರಳಿನ ಘಮ ಹೋಗದು. ಇದು ಅವಮಾನವೋ, ಒಲವೋ? ಮೂಲದ ಹಾಡು ಉಳಿದಿಲ್ಲವಾದ್ದರಿಂದ ತೀರ್ಪು ಕೊಡುವುದು ಕಷ್ಟ. ದಾಖಲೆಗಾರನ ಒಳಗಿದ್ದ ಕವಿ ಇಲ್ಲಿ ಮೇಲುಗೈ ಸಾಧಿಸಿದ ಎಂದೇ ನನ್ನ ಅನಿಸಿಕೆ.

ಹೋಲಿಸಿ ನೋಡಬಲ್ಲ ಕಡೆ ನಷ್ಟವೂ ಕಣ್ಣಿಗೆ ಬೀಳುತ್ತದೆ. ಬಂಡೆಯ ಮೇಲೆ ಬಿದ್ದು ಮಣಿಗಳು ಒಡೆದರೂ ದಾರ ಹರಿಯದು ಎಂಬ ಅವನ ಚೌಪದಿಯ ಭಾವವೇ ಮುಂದೆ ಕೊರಿಯನ್ನರ ಸ್ವಂತ ಲಿಪಿಯಾದ ಹಂಗುಲ್‌ನಲ್ಲಿ ದಾಖಲಾದ ‘ಸೊಗ್ಯೊಂಗ್ ಬ್ಯೊಲ್‌ಗೊಕ್’ ಹಾಡಿನಲ್ಲಿದೆ. ಅಲ್ಲಿ ನಮ್ಮ ತಂದಾನ ತಾನದಂಥ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಚೌಪದಿಯಲ್ಲಿ ಭಾವ ಉಳಿಯಿತು, ಪಲ್ಲವಿ ಬಿಟ್ಟುಹೋಯಿತು.

ಗೆಳೆಯ ಮಿನ್ ಸಾ-ಪ್ಯೊಂಗ್‌ಗೂ ಇಂಥವನ್ನು ಬರೆ ಎಂದು ಅವನು ಒತ್ತಾಯಿಸಿದ. ಹೇಳಿದ್ದನ್ನೇ ಹೇಳಿದಂತಾಗುತ್ತದೆ ಎಂದು ಮಿನ್ ಹಿಂಜರಿದಾಗ, ಟಾಂಗ್ ಕವಿ ಲಿಯು ಯುಷಿ ನದೀಕಣಿವೆಯ ಜನರ ಹಾಡುಗಳಿಂದ ಹೊಸ ಪದ್ಯ ಕಟ್ಟಿದ್ದನ್ನು ನೆನಪಿಸಿ ಪತ್ರ ಬರೆದ; ಜೊತೆಗೆ ಇನ್ನೆರಡು ಪದ್ಯಗಳನ್ನೂ ಕಳಿಸಿದ. ಮಿನ್ ಕೊನೆಗೆ ಆರು ಬರೆದ. ಯಿ ಕಳಿಸಿದ ಆ ಎರಡೂ ಜೆಜು ದ್ವೀಪದ ಹಾಡುಗಳು. ಅವುಗಳಿಗೆ ಅವನು ಸೇರಿಸಿದ ಟಿಪ್ಪಣಿ ಪದ್ಯಗಳಷ್ಟೇ ಬೆಲೆಯುಳ್ಳದ್ದು: ಮೊದಲು ಜೊಲ್ಲಾ ಸೀಮೆಯ ವ್ಯಾಪಾರಿಗಳು ಪಿಂಗಾಣಿ, ಅಕ್ಕಿ ತರುತ್ತಿದ್ದರು, ಅದೂ ಅಪರೂಪಕ್ಕೆ. ಈಗ ಸರ್ಕಾರಿ ಮತ್ತು ಖಾಸಗಿ ಕುದುರೆ-ದನಗಳು ನೆಲವನ್ನೆಲ್ಲ ತುಂಬಿಕೊಂಡು ಉಳಲು ಜಾಗವಿಲ್ಲ. ಬಂದುಹೋಗುವ ಅಧಿಕಾರಿಗಳ ಉಪಚಾರದಲ್ಲೇ ಜನ ಹೈರಾಣಾಗಿ ದಂಗೆಯೇಳುತ್ತಾರೆ. ಆಡಳಿತ ಬಲ್ಲವನ ಬರಹವಿದು.

‘ಗೊರ್ಯೊಸಾ’ದ ಸಂಪಾದಕರು ಹಾಡುಗಳ ಹೆಸರಿನ ಕೆಳಗೆ ಅವನ ಚೌಪದಿಗಳನ್ನೇ ಕೊಟ್ಟರು. ಗುಬ್ಬಿಗಳು ಮುದುಕನ ಬೆಳೆ ತಿನ್ನುವ ‘ಸಾರಿಹ್ವಾ’ ನಮಗೆ ತಿಳಿದಿರುವುದು ಹೀಗೆಯೇ. 1831ರಲ್ಲಿ ಶಿನ್ ವಿ ಎಂಬ ಕವಿ ಇವನನ್ನೇ ಮಾದರಿಯಾಗಿಟ್ಟುಕೊಂಡು ಸಿಜೊ ಎಂಬ ಕೊರಿಯನ್ ಕಿರುಪದ್ಯಗಳಲ್ಲಿ ನಲವತ್ತನ್ನು ಚೀನೀ ಚೌಪದಿಗೆ ತಂದ. ಆ ಹೊತ್ತಿಗೆ ಹಂಗುಲ್ ಬಂದು ಸುಮಾರು ನಾಲ್ಕು ಶತಮಾನ ಕಳೆದಿತ್ತು, ಸಿಜೊ ಸಂಕಲನಗಳೂ ಹುಟ್ಟಿಕೊಂಡಿದ್ದವು. ಯಿ ಜೆಹ್ಯೊನ್‌ಗೆ ಆ ಅನುಕೂಲ ಇರಲಿಲ್ಲ.