ಬಣ್ಣ ಬಳಿಯದೆ ಉಳಿದ ಮಸ್ಟಾಂಗ್

1960ರ ದಶಕದಲ್ಲಿ ಅಮೆರಿಕದ ಕಂಪನಿಗಳು ಸಾಧಾರಣ ಗಾತ್ರದ ಕಾರುಗಳಿಗೆ ಭಾರೀ ವಿ8 ಎಂಜಿನ್ ಕೂರಿಸಿ ಮಾರತೊಡಗಿದವು. ಇವೇ ಮಸಲ್ ಕಾರುಗಳು. ಇಂಥ ಹಳೆಯ ಕಾರು ಮಾರಾಟಕ್ಕೆ ಬಂದಾಗ, ಅದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆಯೇ ಎಂದು ಕೊಳ್ಳುವವರು ಮೊದಲು ನೋಡುತ್ತಾರೆ. ಮಾರ್ಪಾಡಾಗಿದ್ದರೆ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. 2020ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಹರಾಜಾದ ಹಸಿರು ಫೋರ್ಡ್ ಮಸ್ಟಾಂಗ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು.

1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಓಡಿಸಿದ್ದು ಇದನ್ನೇ. ಚಿತ್ರಕ್ಕೆಂದು ಎರಡು ಮಸ್ಟಾಂಗ್‌ಗಳನ್ನು ತಂದು, ಸಸ್ಪೆನ್ಷನ್ ಗಟ್ಟಿಗೊಳಿಸಿ, ಕ್ಯಾಮೆರಾ ಕಟ್ಟಲು ಆಸರೆಗಳನ್ನು ಬೆಸೆದು, ಲಾಂಛನಗಳನ್ನು ಕಿತ್ತಿದ್ದರು. ಜಿಗಿತಗಳಲ್ಲಿ ಜಜ್ಜಿಹೋದ ಇನ್ನೊಂದು ಕಾರು ದಶಕಗಳ ಬಳಿಕ ಮೆಕ್ಸಿಕೊದಲ್ಲಿ ಸಿಕ್ಕಿತು.

ಈ ಕಾರನ್ನು 1974ರಲ್ಲಿ ಒಂದು ಕುಟುಂಬ ಕೊಂಡಿತು. ಮನೆಯೊಡತಿ ಶಿಕ್ಷಕಿ, ಅದರಲ್ಲೇ ಶಾಲೆಗೆ ಹೋಗಿಬರುತ್ತಿದ್ದರು. 1977ರಲ್ಲಿ ಮೆಕ್ವೀನ್ ತಾವೇ ಪತ್ರ ಬರೆದು ಕಾರನ್ನು ಮರಳಿ ಕೇಳಿದರು. ಮನೆಯವರು ಕೊಡಲಿಲ್ಲ. 1980ರಲ್ಲಿ ಮೆಕ್ವೀನ್ ತೀರಿಕೊಂಡರು. ಅದೇ ವರ್ಷ ಕ್ಲಚ್ ಕೆಟ್ಟು ಕಾರೂ ಮೂಲೆ ಸೇರಿತು. ಮುಂದೆ ಮಗ ಅದನ್ನು ಓಡುವಂತೆ ಮಾಡಿದರು, ಆದರೆ ಹೊರಮೈಯನ್ನು ಮುಟ್ಟಲಿಲ್ಲ. 2018ರಲ್ಲಿ ಡೆಟ್ರಾಯಿಟ್‌ನಲ್ಲಿ ಜನ ಕಂಡದ್ದು ಅದೇ ಮಾಸಿದ ಬಣ್ಣ, ಅದೇ ತುಕ್ಕು.

ಹರಾಜಿನ ಕೂಗು 34 ಲಕ್ಷ ಡಾಲರ್‌ಗೆ ನಿಂತಿತು; ಶುಲ್ಕ ಸೇರಿ 37.4 ಲಕ್ಷ. ಅದುವರೆಗೆ ಯಾವ ಮಸ್ಟಾಂಗೂ ಅಷ್ಟು ಬೆಲೆ ಕಂಡಿರಲಿಲ್ಲ. 1968ರ ಯಾವ ಮಸ್ಟಾಂಗಿಗಾದರೂ ಹಸಿರು ಬಳಿದರೆ ‘ಬುಲಿಟ್’ ಕಾರಿನಂತೆ ಕಾಣುತ್ತದೆ. ಇದೇ ಆ ಕಾರು ಎಂದು ಸಾರುತ್ತಿದ್ದುದು ಚಿತ್ರೀಕರಣದವರು ಬಿಟ್ಟುಹೋದ ಬೆಸುಗೆಯ ಗುರುತುಗಳು. ಯಾರಾದರೂ ಪ್ರೀತಿಯಿಂದ ಕಾರನ್ನು ಹೊಸದಾಗಿಸಿದ್ದರೆ ಆ ಸಾಕ್ಷಿಯೂ ಅಳಿಸಿಹೋಗುತ್ತಿತ್ತು.