ಚರ್ಚಿಲ್, ಸಾರಾ
1660-1744. ಮಾರ್ಲ್‌ಬರೋದ ಡಚೆಸ್, ಇಂಗ್ಲೆಂಡಿನ ರಾಣಿ ಆ್ಯನ್‌ಳ ಆಪ್ತಸಖಿ. ತವರಿನ ಹೆಸರು ಜೆನಿಂಗ್ಸ್. 1673ರಲ್ಲಿ ಯಾರ್ಕ್‌ನ ಡಚೆಸ್ ಮೇರಿಯ ಸಖಿಯಾಗಿ ಆಸ್ಥಾನ ಸೇರಿದ ಈಕೆ ಮುಂದೆ ಸೇನಾಧಿಕಾರಿ ಜಾನ್ ಚರ್ಚಿಲ್‌ನನ್ನು ಮದುವೆಯಾದಳು. ರಾಜಕುಮಾರಿ ಆ್ಯನ್‌ಳೊಂದಿಗಿನ ಗೆಳೆತನಕ್ಕೆ ಅಂತಸ್ತು ಅಡ್ಡಬರದಿರಲೆಂದು ಪತ್ರಗಳಲ್ಲಿ ಆ್ಯನ್ ‘ಮಿಸೆಸ್ ಮಾರ್ಲಿ’ಯೂ ಸಾರಾ ‘ಮಿಸೆಸ್ ಫ್ರೀಮನ್’ಳೂ ಆಗಿದ್ದರು.

1702ರಲ್ಲಿ ಆ್ಯನ್ ಪಟ್ಟಕ್ಕೆ ಬಂದಾಗ ರಾಣಿಯ ಉಡುಪು, ಅಂತಃಪುರ, ಖಾಸಗಿ ಖಜಾನೆಗಳ ಮೇಲ್ವಿಚಾರಣೆಯೆಲ್ಲ ಸಾರಾಳ ಕೈಸೇರಿತು. ವಿಗ್ ಪಕ್ಷದ ಪರವಾಗಿ ಹೇರಿದ ಒತ್ತಡ, ನಿಷ್ಠುರ ಮಾತು, ತಾನೇ ಆಸ್ಥಾನಕ್ಕೆ ತಂದ ಬಂಧು ಅಬಿಗೇಲ್ ಮ್ಯಾಶಮ್‌ಳ ಏಳಿಗೆ ಇವುಗಳಿಂದ ಸ್ನೇಹ ಮುರಿದು, 1711ರಲ್ಲಿ ಹುದ್ದೆಗಳನ್ನು ಕಳೆದುಕೊಂಡಳು. ಬ್ಲೆನ್‌ಹೈಮ್ ಅರಮನೆಯ ನಿರ್ಮಾಣದಲ್ಲಿ ವಾಸ್ತುಶಿಲ್ಪಿ ವ್ಯಾನ್‌ಬ್ರೂನೊಂದಿಗೂ ಕಲಹವಾಯಿತು. ತನ್ನ ಆಸ್ಥಾನದ ನಡವಳಿಕೆಯನ್ನು ಸಮರ್ಥಿಸಿಕೊಂಡ ಆತ್ಮಕಥನ 1742ರಲ್ಲಿ ಪ್ರಕಟವಾಯಿತು.